ನೀರು ಬಿಟ್ಟು ಏಳುವ ಹಟ

ನೀರಿನ ಮೇಲಿಂದ ಏಳುವ ವಿಮಾನ ಕಟ್ಟುತ್ತಿದ್ದೇವೆ ಎಂದಾಗ ಚಳ್ಳಕೆರೆಯಲ್ಲಿ ನಗದವರೇ ಇರಲಿಲ್ಲ. ನಮ್ಮದು ಬೋರ್‌ವೆಲ್ ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿ. ನಾನು ತಾಮ್ರದ ತಂತಿ ಸುತ್ತುತ್ತೇನೆ, ನಮ್ಮ ಮನೆಯವರು ಬೇರಿಂಗು, ಶಾಫ್ಟು, ವೆಲ್ಡಿಂಗು ನೋಡಿಕೊಳ್ಳುತ್ತಾರೆ. ಸುಟ್ಟ ಮೋಟಾರು ಹೊತ್ತು ತಂದವರು ಅಂಗಡಿಯ ಹಿಂದೆ ಶೀಟಿನ ಕೆಳಗೆ ಮಲಗಿದ್ದ ರೆಕ್ಕೆಯ ಅಲ್ಯೂಮಿನಿಯಂ ಚೌಕಟ್ಟನ್ನು ನೋಡಿ, "ಕುಡಿಯಾಕೆ ನೀರಿಲ್ಲ, ಇವ್ರಿಗೆ ವಿಮಾನ ತೇಲ್ಸಾಕೆ ನೀರು ಬೇಕಂತೆ" ಎಂದು ಹಲ್ಲು ಕಿರಿಯುತ್ತಿದ್ದರು. ನಾನು ಸೊಪ್ಪು ಹಾಕಲಿಲ್ಲ. ನಕ್ಕವರ ಮೋಟಾರುಗಳನ್ನೂ ಸರಿಯಾಗಿಯೇ ಸುತ್ತಿ ಕೊಟ್ಟೆ.

ಏನು ಉಪಯೋಗ ಎಂದು ಕೇಳುವವರು ಇನ್ನೊಂದು ಜಾತಿ. ನನಗೆ ಹಾರಬೇಕಿತ್ತು, ಅಷ್ಟೆ. ಐವತ್ತು ದಾಟಿದ ಹೆಂಗಸು ಬಂಗಾರ ಬೇಕು ಅಂದರೆ ಯಾರೂ ಉಪಯೋಗ ಕೇಳುವುದಿಲ್ಲ. ಹಾರಬೇಕು ಅಂದರೆ ಊರಿಗೆ ಊರೇ ಲೆಕ್ಕ ಕೇಳುತ್ತದೆ.

ನೀರೇ ಯಾಕೆ ಅಂದರೆ, ನಮ್ಮ ಸೀಮೆಯಲ್ಲಿ ಬೇರೆಲ್ಲೂ ಜಾಗವಿಲ್ಲ. ನೆಲ ಇದ್ದಲ್ಲಿ ಬಂಡೆ, ಬಂಡೆ ಇಲ್ಲದಲ್ಲಿ ಜಾಲಿ, ಎರಡೂ ಇಲ್ಲದ ಹೊಲಗಳ ಮೇಲೆ ಬೋರ್‌ವೆಲ್ಲಿಗೆ ಎಳೆದ ಕರೆಂಟಿನ ತಂತಿ. ಆ ತಂತಿಗಳಿಂದಲೇ ನಮ್ಮ ಅನ್ನ, ಅದಕ್ಕೇ ಅವುಗಳನ್ನು ಬೈಯುವುದಿಲ್ಲ. ಆದರೆ ಕೆರೆಯ ನಡುವೆ ಯಾರೂ ಕಂಬ ನೆಡುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆ, ನನ್ನ ಗಂಡನ ಮನೆಯ ಹೊಲಕ್ಕೆ ಅಂಟಿಕೊಂಡೇ ಒಂದು ಕೆರೆ ಇದೆ. ವರ್ಷಗಟ್ಟಲೆ ಅದು ಬರೀ ಬಿರುಕು ಬಿಟ್ಟ ಮಣ್ಣಾಗಿತ್ತು. ಈಚಿನ ಮಳೆಗಳಿಗೆ ತುಂಬಿ ಕೋಡಿ ಬಿದ್ದಾಗ ನಾವು ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದೆವು.

ಹಾರುವುದನ್ನು ನಾವಿಬ್ಬರೂ ಮೈಸೂರಿನ ಕಡೆ ಹೋಗಿ ಕಲಿತು ಬಂದಿದ್ದೆವು. ಒಬ್ಬರೇ ಕೂರುವ ವಿಮಾನ ನಮ್ಮದು. ಮೋಟಾರು ಕಟ್ಟಿದ ಪ್ಯಾರಾಚೂಟಿನಿಂದ ಬಿಚ್ಚಿ ಮಾರಿದ ಹಳೆಯ ಎಂಜಿನ್ನು, ಕೆಳಗೆ ಗಾಲಿಯ ಬದಲು ಎರಡು ಉದ್ದನೆಯ ಫೈಬರ್ ದೋಣಿ. ನಾವು ಅದಕ್ಕೆ ಜೋಡುದೋಣಿ ಎನ್ನುತ್ತಿದ್ದೆವು. ನಮ್ಮ ಮನೆಯವರು ರೊಟ್ಟಿ ತಿಂದು ಬೆಳೆದ ದೊಡ್ಡ ಆಳು, ನಾನು ಹಿಡಿಯಷ್ಟು ಹೆಂಗಸು. ಕೂರುವವರು ಯಾರು ಎಂಬ ಚರ್ಚೆಯನ್ನು ತಕ್ಕಡಿ ಮುಗಿಸಿತ್ತು. ಅನುಮತಿ ಕೊಡುವವರು ಬಹಳ ಕಾಲ ಸತಾಯಿಸಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಕೆರೆಯ ಏರಿ ದಾಟಬಾರದು, ಏರಿಯ ಮೇಲಿನ ಬೇವಿನ ಮರಕ್ಕಿಂತ ಎತ್ತರ ಹೋಗಬಾರದು. ಬಟ್ಟಲಿನೊಳಗೆ ನೊಣ ಸುತ್ತಿದ ಹಾಗೆ ಕೆರೆಯೊಳಗೇ ಎದ್ದು, ಕೆರೆಯೊಳಗೇ ಸುತ್ತಿ, ಕೆರೆಯೊಳಗೇ ಇಳಿಯಬೇಕು. ಅಂದರೆ ಸ್ವಲ್ಪ ದೂರದಲ್ಲೇ ಏಳಬೇಕು, ಮತ್ತು ಬೀಳದೆ ತೀರಾ ನಿಧಾನವಾಗಿ ಹಾರಬೇಕು. ಸಣ್ಣ ವಿಮಾನಕ್ಕೆ ಇವೆರಡೇ ಕಷ್ಟದ ಕೆಲಸ.

ನಿಧಾನದ ವಿಷಯವನ್ನು ಮೊದಲು ಹಿಡಿದುಕೊಂಡೆವು. ವೇಗ ಕಡಿಮೆಯಾದಾಗ ಮೂತಿ ಎತ್ತಬೇಕಾಗುತ್ತದೆ, ಮೂತಿ ಹೆಚ್ಚು ಎತ್ತಿದರೆ ಗಾಳಿ ರೆಕ್ಕೆಯ ಬೆನ್ನನ್ನು ಬಿಟ್ಟು ಚೆದುರುತ್ತದೆ. ಗಾಳಿ ಬಿಟ್ಟ ಕೂಡಲೇ ರೆಕ್ಕೆ ಕೈಕೊಡುತ್ತದೆ. ಗಾಳಿ ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಕಂಬಳಿ ನೇಯುವವರ ಮನೆಯಿಂದ ಕರಿ ಉಣ್ಣೆಯ ನೂಲು ತಂದು, ಬೆರಳುದ್ದದ ತುಂಡು ಮಾಡಿ ರೆಕ್ಕೆಯ ಮೇಲೆಲ್ಲ ಅಂಟಿಸಿದೆ. ಆ ರೆಕ್ಕೆಯನ್ನು ಸಣ್ಣ ಗೂಡ್ಸ್ ಗಾಡಿಯ ಮೇಲೆ ಓರೆಯಾಗಿ ಕಟ್ಟಿ, ಸಿದ್ದಾಪುರದ ಕಡೆಯ ನೇರ ರಸ್ತೆಯಲ್ಲಿ ಬೆಳಗಿನ ಜಾವ ಓಡಿಸಿದೆವು. ಗಾಡಿ ಅವರು ಓಡಿಸಿದರು, ನಾನು ಹಿಂದೆ ನಿಂತು ನೂಲು ನೋಡಿದೆ. ರೆಕ್ಕೆಯ ಓರೆ ಹೆಚ್ಚಿಸಿದಂತೆ ಹಿಂಭಾಗದ ನೂಲುಗಳು ಮೊದಲು ನಡುಗಿದವು, ಆಮೇಲೆ ತಿರುಗಿ ಮುಂದಕ್ಕೆ ಬಿದ್ದು ಒದ್ದಾಡಿದವು. ಎದುರಿಗೆ ಬಂದ ಮೊದಲ ಬಸ್ಸು ನಿಂತೇಬಿಟ್ಟಿತು. "ಏನಕ್ಕ ಇದು, ಬೆದರುಬೊಂಬೆ ಮೆರವಣಿಗೆನಾ?" ಎಂದು ಕಂಡಕ್ಟರು ಕೇಳಿದ. "ಹೂಂ, ನಿನ್ನನ್ನೇ ಕಟ್ಟಾನ ಅಂತಿದ್ವಿ, ಹತ್ತು" ಎಂದೆ. ಬಸ್ಸು ಹೊರಟಿತು.

ಮೋಟಾರಿನ ಸ್ಲಾಟು ಎಂಬ ಸೀಳಿನೊಳಗೆ ತಂತಿ ಇಳಿಸುವ ಮೊದಲು ನಾವು ಒಂದು ಗಟ್ಟಿ ಹಾಳೆ ಹಾಕುತ್ತೇವೆ. ಅದನ್ನೇ ಹೆಬ್ಬೆರಳ ಉಗುರಿನಷ್ಟು ಕತ್ತರಿಸಿ, ರೆಕ್ಕೆಯ ಮುಂಭಾಗದ ಬೆನ್ನಿನ ಮೇಲೆ ಜೋಡಿ ಜೋಡಿಯಾಗಿ ಓರೆಯಾಗಿ ನಿಲ್ಲಿಸಿ ಅಂಟಿಸಿದೆ. ಬೇರೆ ದೇಶಗಳಲ್ಲಿ ಮನೆಯಲ್ಲೇ ವಿಮಾನ ಕಟ್ಟುವವರು ಹೀಗೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಆ ಪುಟ್ಟ ಕಿವಿಗಳು ಗಾಳಿಯನ್ನು ಸುರುಳಿ ಸುತ್ತಿ ರೆಕ್ಕೆಗೆ ಒತ್ತಿ ಹಿಡಿಯುತ್ತವೆ. ಮತ್ತೆ ಗಾಡಿ ಓಡಿಸಿದಾಗ, ಮೊದಲು ಒದ್ದಾಡಿದ್ದ ಓರೆಯಲ್ಲೇ ಉಣ್ಣೆ ಸಾಧುವಾಗಿ ಮಲಗಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಗಾಡಿಯ ತಗಡು ಬಡಿದು ಬಡಿದು ಕೈ ಕೆಂಪಾಯಿತು. ನೂಲನ್ನು ರೆಕ್ಕೆಯ ಮೇಲೆ ಹಾಗೇ ಬಿಟ್ಟೆ.

ಸೋತದ್ದು ನೀರಿನ ಹತ್ತಿರ.

ಕೆರೆಯ ದಡದಲ್ಲಿ ಮಾವನವರ ಶೆಡ್ಡಿದೆ. ಅವರು ಶೇಂಗಾ ವ್ಯಾಪಾರಸ್ಥರು, ಮಾತು ಕಡಿಮೆ, ಆಡಿದ ಮಾತಿಗೆ ತಪ್ಪುವವರಲ್ಲ. ವಿಮಾನವನ್ನು ಅಲ್ಲಿಗೆ ತಂದು ಜೋಡಿಸಿದೆವು. ಮೊದಲ ಬೆಳಗ್ಗೆ ಊರಿನ ಅರ್ಧ ಜನ ಏರಿಯ ಮೇಲಿದ್ದರು. ನಾನು ಎಂಜಿನ್ನು ಪೂರ್ತಿ ಬಿಟ್ಟೆ. ವಿಮಾನ ಓಡಿತು, ನೀರು ಎರಡೂ ಕಡೆ ಎರಚಿತು, ಎದುರು ದಡ ಹತ್ತಿರ ಬಂತು, ದೋಣಿ ಮಾತ್ರ ನೀರನ್ನು ಬಿಡಲಿಲ್ಲ. ಮತ್ತೆ ತಿರುಗಿಸಿ ಓಡಿಸಿದೆ. ಮರುದಿನ ಓಡಿಸಿದೆ, ಅದರ ಮಾರನೇ ವಾರ ಓಡಿಸಿದೆ. ರೆಕ್ಕೆ ಎಳೆಯುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು, ಕೆಳಗಿನಿಂದ ಯಾರೋ ಸೆರಗು ಹಿಡಿದುಕೊಂಡ ಹಾಗೆ. ಗಾಳಿ ಇದ್ದಾಗ ಪ್ರಯತ್ನಿಸೋಣವೆಂದರೆ ಗುಡ್ಡಗಳ ಸಂದಿನಿಂದ ನುಗ್ಗುವ ಗಾಳಿ ಕೆರೆಯ ಅಡ್ಡಕ್ಕೆ ಬೀಸುತ್ತದೆ, ಒಂದು ಸಲ ರೆಕ್ಕೆಯ ತುದಿ ನೀರಿಗೆ ತಾಗಿ ಜೀವ ಬಾಯಿಗೆ ಬಂದಿತ್ತು. ಹಾಗಾಗಿ ಗಾಳಿ ಏಳುವ ಮೊದಲಿನ ಬೆಳಗೇ ಗತಿ. ಆಗ ಕೆರೆ ಕನ್ನಡಿಯ ಹಾಗಿರುತ್ತದೆ.

"ಎಂಜಿನ್ ಸಾಲ್ದು, ದೊಡ್ಡದು ಹಾಕ್ರಿ" ಎಂದು ಏರಿಯ ಮೇಲಿದ್ದವರೆಲ್ಲ ಹೇಳಿದರು. ದೊಡ್ಡ ಎಂಜಿನ್ನು ಅಂದರೆ ಇನ್ನಷ್ಟು ಭಾರ, ಇನ್ನಷ್ಟು ಭಾರ ಅಂದರೆ ದೋಣಿ ಇನ್ನಷ್ಟು ಆಳ. ಅದನ್ನು ವಿವರಿಸುವ ತಾಳ್ಮೆ ನನಗಿರಲಿಲ್ಲ. "ನೀವು ದನ ಏಳ್ದಿದ್ರೆ ಇನ್ನೊಂದು ದನ ಅದರ ಮೇಲೆ ಹೇರ್ತೀರೇನು?" ಎಂದು ಕೇಳಿ ಬಾಯಿ ಮುಚ್ಚಿಸಿದೆ.

ಮಾವನವರ ಬಾಯಿ ಮುಚ್ಚಿಸಲು ಆಗುವುದಿಲ್ಲವಲ್ಲ. ಒಂದು ಸಂಜೆ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು. "ನೋಡವ್ವ, ಶೇಂಗಾ ಬಿಡ್ಸಿ ಆಯ್ತು. ಚೀಲ ಎಲ್ಲಿ ಇಡ್ಲಿ ನಾನು? ಕುರಿ ತೊಳೆಯೋ ದಿನದವರೆಗೂ ಟೈಮ್ ಐತೆ ನಿಂಗೆ. ಅದು ನೀರು ಬಿಟ್ಟು ಎದ್ರೆ ಶೆಡ್ಡು ನಿಂದು, ಯಾರೂ ಕೇಳಲ್ಲ. ಏಳ್ಲಿಲ್ಲ ಅಂದ್ರೆ ಗುಜರಿಯೋರ್ನ ಕರೆಸ್ತೀನಿ."

ಉಣ್ಣೆ ಕತ್ತರಿಸುವ ಮೊದಲು ನಮ್ಮ ಕಡೆ ಕುರಿಗಳನ್ನೆಲ್ಲ ಕೆರೆಗೆ ಹೊಡೆದು ಮೈ ತೊಳೆಯುತ್ತಾರೆ. ಸುತ್ತಲಿನ ಹಟ್ಟಿಗಳ ಕುರಿ ಒಂದೇ ದಿನ ಬರುತ್ತವೆ, ಅಂದು ಕೆರೆ ಕುರಿಯವರದು. ಅದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಚಳ್ಳಕೆರೆಯ ಅಂಗಡಿಯ ಹಿಂದಿನ ಜಾಗವನ್ನು ಮಾಲೀಕರು ಆಗಲೇ ಬೇರೆಯವರಿಗೆ ಕೊಟ್ಟಿದ್ದರು. ಶೆಡ್ಡು ಹೋದರೆ ವಿಮಾನ ನಿಲ್ಲಿಸಲು ನಮಗೆ ಆಕಾಶದ ಕೆಳಗೆ ಒಂದು ಮಾರು ಜಾಗವೂ ಇರಲಿಲ್ಲ.

"ಆಗ್ಲಿ ಮಾವಾರೆ" ಎಂದೆ. ನನ್ನ ಗಂಡ ನನ್ನ ಮುಖ ನೋಡಿದರು.

ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಕಡಪ ಕಲ್ಲಿನ ಕಟ್ಟೆಯ ಮೇಲೆ ನೀರು ಚೆಲ್ಲಿತ್ತು, ಅದರ ಮೇಲೆ ಚಪ್ಪಟೆಯ ಸ್ಟೀಲ್ ಮುಚ್ಚಳ ಬೋರಲಾಗಿ ಬಿದ್ದಿತ್ತು. ಎತ್ತಲು ಹೋದರೆ ಬರಲಿಲ್ಲ. ಆಚೆ ಈಚೆ ಜಾರುತ್ತದೆ, ಮೇಲಕ್ಕೆ ಮಾತ್ರ ಬರುವುದಿಲ್ಲ. ಅಂಚಿನ ಕೆಳಗೆ ಉಗುರು ತೂರಿಸಿದೆ. ಚಪ್ ಎಂದು ಗಾಳಿ ಒಳಗೆ ಹೋಯಿತು, ಮುಚ್ಚಳ ಕೈಗೆ ಬಂತು. ನಾನು ಅಲ್ಲೇ ನಿಂತು ಅದನ್ನು ಹತ್ತಾರು ಸಲ ಇಟ್ಟು ಎತ್ತಿದೆ, ಒಲೆಯ ಮೇಲೆ ಸಾರು ಉಕ್ಕಿ ಹರಿಯಿತು.

ನಮ್ಮ ಜೋಡುದೋಣಿಯ ತಳ ಆ ಮುಚ್ಚಳಕ್ಕಿಂತ ನುಣುಪು. ಮೂತಿಯಿಂದ ಬಾಲದವರೆಗೆ ಒಂದೇ ಎಳೆ. ನಮ್ಮ ಮನೆಯವರು ಮಳೆಗಾಲ ಪೂರ್ತಿ ಅದನ್ನು ಉಜ್ಜಿ, ಮೇಣ ಹಚ್ಚಿ, ಮುಖ ಕಾಣುವಂತೆ ಮಾಡಿದ್ದರು. ಹೊರದೇಶದವರ ದೋಣಿಗಳ ತಳದಲ್ಲಿ ನಡುವೆ ಒಂದು ಮೆಟ್ಟಿಲು ಇರುವುದನ್ನು ನಾವೂ ಚಿತ್ರದಲ್ಲಿ ನೋಡಿದ್ದೆವು. ಎರಡು ತುಂಡು ಸೇರಿಸಿದಾಗ ಉಳಿದ ಏಣು ಅಂದುಕೊಂಡು, ಇಂಥ ಒರಟು ಕೆಲಸ ನಮಗೆ ಬೇಡ ಎಂದು ಮೂಗು ಮುರಿದಿದ್ದೆವು. ನೀರು ಕಂಡು ಬೆಳೆದವರು ಈ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ನೀರು ತಾನಾಗಿಯೇ ಬಿಟ್ಟು ಹೋಗುತ್ತದೆ. ಕೆರೆಯಿಂದ ಹೋಗುತ್ತದೆ, ಬಾವಿಯಿಂದ ಹೋಗುತ್ತದೆ, ಬೋರ್‌ವೆಲ್ಲಿನಿಂದ ಹೋಗುತ್ತದೆ, ಹೋದಾಗ ಮೋಟಾರು ಸುಟ್ಟು ನಮ್ಮ ಅಂಗಡಿಗೆ ಬರುತ್ತದೆ. ನೀರು ಒಂದನ್ನು ಹಿಡಿದುಕೊಂಡು ಬಿಡಲೊಲ್ಲೆ ಎನ್ನಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ರೀ, ದೋಣಿ ತಳ ಕೊಯ್ಯಬೇಕು" ಎಂದೆ.

ಅವರು ಊಟ ನಿಲ್ಲಿಸಿದರು. "ಏನ್ ಕೊಯ್ಯಬೇಕು?"

"ತಳ. ನಡುವಿಂದ ಹಿಂದಕ್ಕೆ ಎರಡು ಬೆರಳು ಮೇಲೆ ತರಬೇಕು. ಅಲ್ಲಿ ನೀರು ಕಿತ್ಕೊಳ್ತೈತೆ, ಗಾಳಿ ಒಳಗೆ ಹೋಗ್ತೈತೆ."

"ಆ ತಳಕ್ಕೆ ನಾನು ಎಷ್ಟು ಕೈ ಸವೆಸೀನಿ ಗೊತ್ತೈತಾ ನಿಂಗೆ?"

"ಗೊತ್ತೈತೆ. ಅದಕ್ಕೇ ಅಂಟ್ಕಂಡೈತೆ."

ಅವರು ಕೈ ತೊಳೆದು ಎದ್ದು ಹೋದರು. ಗಂಡಸರಿಗೆ ತಮ್ಮ ಕೈಕೆಲಸದ ಬಗ್ಗೆ ಇರುವ ಅಭಿಮಾನ ಹೆಂಡತಿಯ ಬಗ್ಗೆಯೂ ಇದ್ದಿದ್ದರೆ ಎಂದು ನಾನು ಅಂದುಕೊಂಡದ್ದು ನಿಜ. ಆದರೆ ಅವರ ಸಂಕಟ ನನಗೂ ಅರ್ಥವಾಗುತ್ತಿತ್ತು. ಸುತ್ತಿ ಮುಗಿಸಿದ ಮೋಟಾರನ್ನು ಯಾರಾದರೂ ಕತ್ತರಿಸು ಅಂದರೆ ನಾನೇನು ಸುಮ್ಮನಿರುತ್ತಿದ್ದೆನೇ?

ಮರುದಿನ ದೇವಸಮುದ್ರದ ಶೆಡ್ಡಿನಲ್ಲಿ ದೋಣಿಗಳನ್ನು ಬೋರಲು ಹಾಕಿ, ಅವರ ಎದುರಿಗೇ ಗರಗಸ ಇಟ್ಟೆ. ಅವರು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಫೈಬರ್ ಕೊಯ್ಯುವಾಗಿನ ಸದ್ದು ಹಲ್ಲಿಗೆ ತಾಗುವಂಥದ್ದು. ಒಂದು ದೋಣಿಯ ಅರ್ಧ ತಳ ಹೊರಬಂದಾಗ ನನ್ನ ಕಣ್ಣಲ್ಲೂ ನೀರು ಬಂತು, ಧೂಳಿಗೆ ಅಂತ ಹೇಳಲಾರೆ. ಎರಡನೆಯದಕ್ಕೆ ಗರಗಸ ಎತ್ತಿದಾಗ ಅವರು ಒಳಗೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. "ನೀನು ಸೊಟ್ಟ ಕೊಯ್ತೀಯ" ಎಂದು ತಾವೇ ಕೊಯ್ದರು. ಹೊಸ ತಳಕ್ಕೆ ಬಟ್ಟೆ ಹಾಸಿ ರಾಳ ಹಚ್ಚಿದರು, ಮೆಟ್ಟಿಲಿನ ಅಂಚನ್ನು ಈಳಿಗೆಯಷ್ಟು ಚೂಪಾಗಿ ನಿಲ್ಲಿಸಿದರು. ನುಣುಪು ಮಾಡಲು ಕೈ ಹೋದಾಗ ನಾನು ಕೆಮ್ಮಿದೆ. ಕೈ ಹಿಂದೆ ತೆಗೆದರು.

ರಾಳ ಒಣಗಿ, ದೋಣಿ ಕಟ್ಟಿ ಸಿದ್ಧವಾಗುವ ಹೊತ್ತಿಗೆ ಕುರಿ ತೊಳೆಯುವ ದಿನವೇ ಬಂದಿತ್ತು. ಮಾವನವರು ಹಿಂದಿನ ಸಂಜೆಯೇ ಶೇಂಗಾ ಚೀಲ ತಂದು ಶೆಡ್ಡಿನ ಒಂದು ಮೂಲೆಯಿಂದ ಒಟ್ಟಲು ಶುರುಮಾಡಿಸಿದ್ದರು. ಅದನ್ನು ನೋಡಿ ನನಗೆ ಮೈ ಉರಿಯಿತು. ಇನ್ನೂ ದಿನ ಮುಗಿದಿರಲಿಲ್ಲವಲ್ಲ.

ಬೆಳಗ್ಗೆ ಕೆರೆ ಕನ್ನಡಿಯಾಗಿತ್ತು. ಜಟಿಂಗ ರಾಮೇಶ್ವರದ ಗುಡ್ಡದ ಕಡೆ ಇನ್ನೂ ಮಬ್ಬು. ಎದುರು ದಡದಲ್ಲಿ ಕುರಿಗಳು ಆಗಲೇ ಇಳಿಯತೊಡಗಿದ್ದವು, ಕುರಿಯವರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಒಂದೊಂದನ್ನೇ ಮುಳುಗಿಸಿ ತಿಕ್ಕುತ್ತಿದ್ದರು. ಹಿಂದಿನ ದಿನ ಅವರನ್ನು ಕೇಳಿಕೊಂಡಿದ್ದೆ. ಈ ಕಡೆ ಅರ್ಧ ನಿನಗೆ, ಆ ಕಡೆ ಅರ್ಧ ನಮಗೆ ಎಂದು ಒಪ್ಪಿದ್ದರು. ನಾನು ಕೂತು ಪಟ್ಟಿ ಬಿಗಿದುಕೊಂಡೆ. ಎಂಜಿನ್ನು ಬಿಟ್ಟೆ.

ಮೊದಲು ದೋಣಿಯ ಮೂತಿ ಎದ್ದಿತು, ಆಮೇಲೆ ಇಡೀ ವಿಮಾನ ಎದ್ದು ಮೆಟ್ಟಿಲಿನ ಮೇಲೆ ನಿಂತು ಓಡತೊಡಗಿತು. ಇಷ್ಟು ಹಗುರ ಎಂದೂ ಆಗಿರಲಿಲ್ಲ. ಆದರೆ ಈ ಕಡೆಯ ಅರ್ಧ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಎದುರಿನಿಂದ ಕುರಿಗಳು ಎಬ್ಬಿಸಿದ ಸಣ್ಣ ಅಲೆಗಳು ಬಂದವು. ದೋಣಿ ಟಕಟಕ ಎಂದು ಅವುಗಳ ತಲೆ ಮೇಲೆ ಹಾಯಿತು, ಆಮೇಲೆ ಸದ್ದು ನಿಂತುಹೋಯಿತು. ಕೆಳಗೆ ನೋಡಿದೆ. ನೀರು ನನ್ನಿಂದ ಬೇರೆಯಾಗಿತ್ತು.

ನಾನು ಕೂಗಿದೆನೋ ಅತ್ತೆನೋ ಗೊತ್ತಿಲ್ಲ. ಯಾಕೆಂದರೆ ತಕ್ಷಣ ಬೇರೆ ಕಷ್ಟ ಬಂತು. ಎಂಜಿನ್ನಿನ ಸದ್ದಿಗೆ ದಡದ ಕುರಿಗಳೆಲ್ಲ ಬೆದರಿ ಒಟ್ಟಿಗೇ ನೀರಿಗೆ ನುಗ್ಗಿದವು. ಕೆರೆಯ ತುಂಬ ಕರಿ ತಲೆಗಳು, ನಾನು ಇಳಿಯಬೇಕಾದ ಜಾಗದ ತುಂಬ ಕೂಡ. ಒಬ್ಬ ಮುದುಕ ಕುರಿಯವನು ಕಂಬಳಿ ಬೀಸುತ್ತಿದ್ದ. "ಕಿಂದಿಕಿ ರಾವದ್ದಮ್ಮಾ, ಕುರಿ ಅದಾವೆ, ಇಳೀಬ್ಯಾಡ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗುತ್ತಿದ್ದನಂತೆ, ನನಗೆ ಕಂಡದ್ದು ಕಂಬಳಿ ಮಾತ್ರ. ಏರಿ ದಾಟುವಂತಿಲ್ಲ, ಬೇವಿನ ಮರ ಮೀರುವಂತಿಲ್ಲ, ಇಳಿಯುವಂತಿಲ್ಲ. ಉಳಿದದ್ದು ಒಂದೇ. ಎಂಜಿನ್ನು ತಗ್ಗಿಸಿ, ಮೂತಿ ಎತ್ತಿ, ಬೀಳದಷ್ಟು ಮಾತ್ರ ವೇಗ ಇಟ್ಟುಕೊಂಡು ಸುತ್ತು ಹಾಕುವುದು.

ನಾನು ಮುಂದೆ ನೋಡಿದ್ದಕ್ಕಿಂತ ರೆಕ್ಕೆಯ ಮೇಲಿನ ಕರಿ ಉಣ್ಣೆಯನ್ನು ನೋಡಿದ್ದೇ ಹೆಚ್ಚು. ತಿರುವಿನಲ್ಲಿ ನೂಲು ನಡುಗಿದರೆ ಮೂತಿ ಒಂದಿಷ್ಟು ಇಳಿಸುತ್ತಿದ್ದೆ, ಮಲಗಿದರೆ ಎತ್ತುತ್ತಿದ್ದೆ. ಭಯವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಆ ಪುಟ್ಟ ಕಿವಿಗಳು ಗಾಳಿಯನ್ನು ಬಿಡಲಿಲ್ಲ. ಏರಿಯ ಮೇಲೆ, ಇಷ್ಟು ದಿನ ಏಳಲ್ಲ ಏಳಲ್ಲ ಅಂದವರೇ, ಯಾಕೆ ಇಳೀವಲ್ಲದು, ಯಾಕೆ ಇಳೀವಲ್ಲದು ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೆಂದು ಆಮೇಲೆ ನಮ್ಮ ಮನೆಯವರು ಹೇಳಿದರು. ಕುರಿಗಳು ದಡ ಹತ್ತಿ ಮೈ ಕೊಡವಿಕೊಂಡ ಮೇಲೆ ನಾನು ಇಳಿದೆ.

ಎಂಜಿನ್ನು ನಿಲ್ಲಿಸಿ ದಡದ ಹತ್ತಿರ ತೇಲುತ್ತಿದ್ದೆ. ಮೊದಲು ಕುರಿಯವನ ಬೈಗುಳ ತಿಂದೆ, ಅದು ನ್ಯಾಯವಾದದ್ದು. ಆಮೇಲೆ ಮಾವನವರು ನೀರಿನ ಅಂಚಿಗೆ ಬಂದು ನಿಂತರು.

"ಎದ್ದಿದ್ದು ನೋಡಿದ್ರಾ ಮಾವಾರೆ?"

"ನೋಡಿದೆನವ್ವ. ಕುರಿ ಎಬ್ಸಿದವು. ಅಲೆ ಬಂತು, ಎತ್ತಿ ಒಗೀತು. ದಿನಾ ಕುರಿ ತಂದು ಕೆಡವ್ತೀಯಾ ನೀನು?"

ಹಿಂದಿದ್ದವರು ನಕ್ಕರು. ನಮ್ಮ ಮನೆಯವರು ಹಗ್ಗ ಹಿಡಿದು ನೀರಿಗೆ ಇಳಿಯುತ್ತಿದ್ದರು. "ಆಯ್ತು ಬಾ, ಇಳಿ. ನಾನು ಮಾತಾಡ್ತೀನಿ" ಎಂದರು.

"ಬ್ಯಾಡ್ರಿ. ಹಗ್ಗ ಎಸೀಬ್ಯಾಡ್ರಿ" ಎಂದೆ.

ಕುರಿಯವರಲ್ಲಿ ಕೇಳಿದೆ. ತೊಳೆದ ಕುರಿಗಳ ಮೈ ಬಿಸಿಲಿಗೆ ಆರುವವರೆಗೆ ಮತ್ತೊಂದು ಹಿಂಡನ್ನು ಇಳಿಸುವುದಿಲ್ಲ ಎಂದು ಆ ಮುದುಕ ಗೊಣಗುತ್ತಲೇ ಒಪ್ಪಿದ. ನಾನು ವಿಮಾನದಲ್ಲೇ ಕೂತೆ. ಅಲೆ ತಗ್ಗಿತು. ಕೆಸರು ತಳಕ್ಕಿಳಿಯಿತು. ಏರಿಯ ಮೇಲಿದ್ದವರು ಬೇಸತ್ತು ಕೂಗಿದರು, ತಿಂಡಿಗೆ ಕರೆದರು, ಹುಚ್ಚಿ ಎಂದರು. ಗಾಳಿ ಏಳುವ ಹೊತ್ತಾಗುತ್ತಿತ್ತು, ಆದರೂ ಕಾದೆ. ಕೊನೆಗೆ ಬೇವಿನ ಮರ ನೀರಿನೊಳಗೆ ಎಲೆ ಎಲೆಯಾಗಿ ಕಾಣುವಷ್ಟು ಕೆರೆ ನಿಂತಿತು. ಇದೇ ನೀರು ನಮ್ಮನ್ನು ಇಷ್ಟು ದಿನ ಹಿಡಿದಿಟ್ಟದ್ದು. ಈಗ ಹಿಡಿ ನೋಡೋಣ ಎಂದು ಎಂಜಿನ್ನು ಬಿಟ್ಟೆ.

ಮೂತಿ ಎದ್ದಿತು. ಮೆಟ್ಟಿಲಿನ ಮೇಲೆ ನಿಂತಿತು. ಅಲೆಯಿಲ್ಲದ ಕಾರಣ ಮೊದಲಿಗಿಂತ ಹೆಚ್ಚು ಓಡಿತು, ಪಾಲು ಮಾಡಿಕೊಂಡಿದ್ದ ಗೆರೆಯನ್ನೂ ದಾಟಿತು. ಒಂದು ಕಡೆಗೆ ಸ್ವಲ್ಪ ವಾಲಿಸಿ ಒಂದು ದೋಣಿಯನ್ನು ಮೊದಲು ಬಿಡಿಸಿದೆ, ಮುಚ್ಚಳದ ಅಂಚಿಗೆ ಉಗುರು ಹಾಕಿದ ಹಾಗೆ. ಇನ್ನೊಂದು ತಾನಾಗಿಯೇ ಬಿಟ್ಟಿತು. ಕುರಿಯಿಲ್ಲ, ಅಲೆಯಿಲ್ಲ, ಗಾಳಿಯಿಲ್ಲ, ದೊಡ್ಡ ಎಂಜಿನ್ನಿಲ್ಲ. ನಾನು ಬೇವಿನ ಮರದ ಮಟ್ಟಕ್ಕೆ ಏರಿ ಮೆಲ್ಲನೆ ತಿರುಗಿದೆ.

ನೀರಿನ ಅಂಚಿನಲ್ಲಿ ಮಾವನವರು ಇರಲಿಲ್ಲ. ಸುತ್ತು ಹಾಕಿ ಶೆಡ್ಡಿನ ಕಡೆ ಬಂದಾಗ ಕಂಡರು. ಪಂಚೆ ಮೇಲಕ್ಕೆ ಕಟ್ಟಿ, ಒಂದು ಶೇಂಗಾ ಚೀಲವನ್ನು ತಾವೇ ಹೆಗಲ ಮೇಲೆ ಹೊತ್ತು ಶೆಡ್ಡಿನಿಂದ ಹೊರಗೆ ತರುತ್ತಿದ್ದರು.